ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು: ಪುರಾಣದ ಧಾರಾವಾಹಿಯೂ ನೋಡುಗರ ವಾದವೂ

(ಅಳ್ನಾವರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ವಿಷಯ ನೋಡಿದ ಹಿರಿಯರೊಬ್ಬರು ‘ದತ್ತಿ ಉಪನ್ಯಾಸದಾಗ ಧಾರಾವಾಹಿ ಯಾಕ್ರೀ ಸರ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪಂಪನ ತಾಯಿ ಅಬ್ಬಣಬ್ಬೆ ನಮ್ಮದೇ ಜಿಲ್ಲೆಯ ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳು. ಕುಮಾರವ್ಯಾಸ ಹುಟ್ಟಿದ್ದೆಂದು ಜನ ನಂಬಿರುವ ಕೋಳಿವಾಡ ಹುಬ್ಬಳ್ಳಿಯ ಆಚೆಗಿದೆ. ಅವನು ಭಾರತ ಬರೆದ ಗದಗು ಇನ್ನೂ ಸ್ವಲ್ಪ ಮುಂದೆ. ಇಂಥ ಸೀಮೆಯಲ್ಲಿ ನಿಂತು ಟಿ.ವಿ. ಮಾತಾಡುವುದೇ ಎಂದು ಅವರಿಗೆ ಅನ್ನಿಸಿದೆ. ಈ ಸೀಮೆಯಾದ್ದರಿಂದಲೇ ಮಾತಾಡುತ್ತೇನೆ. ಪಂಪ, ರನ್ನ, ಕುಮಾರವ್ಯಾಸರು ಮಾಡಿದ್ದೂ ಇದೇ ಕೆಲಸ. ಎಲ್ಲರಿಗೂ ಗೊತ್ತಿದ್ದ ದೊಡ್ಡ ಕಥೆಯೊಂದನ್ನು ತಮ್ಮ ಕಾಲದವರ ಮುಂದೆ ಬೇರೆ ರೂಪದಲ್ಲಿ ಇಟ್ಟರು. ಕೇಳುವವರು ಅಂದೂ ಸುಮ್ಮನೆ ಕೂತಿರಲಾರರು.

ಪುರಾಣದ ಧಾರಾವಾಹಿ ಶುರುವಾದರೆ ನಮ್ಮ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಒಂದು, ‘ಭಾಳ ಜಗ್ಗತಾರ್ರೀ’. ಇನ್ನೊಂದು, ‘ಕಥಿ ಹಿಂಗಿಲ್ಲ’. ಮೊದಲನೆಯದು ಕಥೆಯ ಓಟದ ಬಗ್ಗೆ, ಎರಡನೆಯದು ಬರವಣಿಗೆಯ ಬಗ್ಗೆ. ಓದಿಕೊಂಡವರು ಇವನ್ನು ವಿಮರ್ಶೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಅಷ್ಟೇ ಅಲ್ಲ, ಈ ಎರಡೂ ತಕರಾರು ಒಂದೇ ಎಂದು ನನ್ನ ವಾದ. ಕಥೆ ಹೇಳುವವನು ಯಾರ ಬಳಿ ನಿಂತ, ಯಾರನ್ನು ದಾಟಿ ಓಡಿದ ಎಂಬುದು ಆ ಪಾತ್ರಕ್ಕೆ ಸಿಕ್ಕ ನ್ಯಾಯ ಅಥವಾ ಅನ್ಯಾಯ. ‘ಜಗ್ಗತಾರ’ ಎನ್ನುವ ನೋಡುಗ ಬೇಸರ ಬಂದು ಹಾಗೆ ಹೇಳುತ್ತಾನೆಂದು ತಿಳಿಯಬೇಡಿ. ಹೊತ್ತನ್ನು ಎಲ್ಲಿ ಖರ್ಚು ಮಾಡಬೇಕಿತ್ತೋ ಅಲ್ಲಿ ಮಾಡಲಿಲ್ಲ ಎಂದು ಅವನು ಹೇಳುತ್ತಿದ್ದಾನೆ.

2020ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್ ಆಗಿ ಧಾರಾವಾಹಿಗಳ ಶೂಟಿಂಗ್ ನಿಂತಿತ್ತು. ಮಾರ್ಚ್ ಕೊನೆಗೆ ದೂರದರ್ಶನ ರಮಾನಂದ ಸಾಗರರ ರಾಮಾಯಣವನ್ನೂ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನೂ ಮತ್ತೆ ತೋರಿಸತೊಡಗಿತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣ ವಾಹಿನಿ, ಹಿಂದಿಯಲ್ಲಿ 2013-14ರಲ್ಲಿ ಬಂದಿದ್ದ ಇನ್ನೊಂದು ಮಹಾಭಾರತವನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಕನ್ನಡದಲ್ಲಿ ದಶಕಗಳಿಂದ ಡಬ್ಬಿಂಗ್‌ಗೆ ಇದ್ದ ಅಘೋಷಿತ ತಡೆಯನ್ನು ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದು ಹೇಳಿದ ಮೇಲೂ ಬಾಗಿಲು ಅರೆಬರೆ ತೆರೆದಿತ್ತು. ಆ ಬೇಸಿಗೆಯಲ್ಲಿ ಪೂರ್ತಿ ತೆರೆಯಿತು. ಡಬ್ಬಿಂಗ್ ಬೇಕೋ ಬೇಡವೋ ಎಂಬುದು ಬೇರೆ ದಿನದ ಮಾತು. ನನಗೆ ಮುಖ್ಯವೆನಿಸಿದ್ದು, ಒಂದೇ ಮನೆಯಲ್ಲಿ ಒಂದೇ ದಿನ ಎರಡು ಮಹಾಭಾರತ ನಡೆದವು ಎಂಬುದು. ಹೋಲಿಸಿ ನೋಡುವ ಅವಕಾಶ ಹಿಂದೆ ಯಾವ ನೋಡುಗನಿಗೂ ಹೀಗೆ ಸಿಕ್ಕಿರಲಿಲ್ಲ.

ಹೋಲಿಸಲು ಬೇಕಾದಷ್ಟಿತ್ತು. ಚೋಪ್ರಾ ಅವರದು 94 ಕಂತು, 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ, ವಾರಕ್ಕೊಂದರಂತೆ ಭಾನುವಾರ ಬೆಳಿಗ್ಗೆ. ಇನ್ನೊಂದು ಹಿಂದಿಯಲ್ಲಿ 267 ಕಂತು, ಹನ್ನೊಂದು ತಿಂಗಳಲ್ಲಿ ಮುಗಿದದ್ದು, ಹೆಚ್ಚುಕಡಿಮೆ ದಿನಾಲೂ. ವಾರಕ್ಕೊಮ್ಮೆ ಬರುವ ಕಥೆಗೂ ದಿನಾ ಬರುವ ಕಥೆಗೂ ಓಟದ ಲೆಕ್ಕವೇ ಬೇರೆ. ಭಾನುವಾರ ನೋಡಿದ್ದನ್ನು ಸೋಮವಾರದಿಂದ ಶನಿವಾರದ ತನಕ ಸ್ಟೇಷನ್ನಿನಲ್ಲಿ, ಸಾ ಮಿಲ್ಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಆಡಿಕೊಳ್ಳಲು ಹೊತ್ತಿತ್ತು. ಹಿಂದಿ ಅರ್ಧವೇ ತಿಳಿದರೂ ಕಥೆ ಪೂರ್ತಿ ತಿಳಿದಿತ್ತು. ಆರು ದಿನದ ಆ ಮಾತುಕತೆಯೇ ಕಥೆಯ ಎರಡನೆಯ ಓದು. ದಿನಾ ಬರುವ ಕಥೆಯಲ್ಲಿ ಆ ಬಿಡುವಿಲ್ಲ. ಹಾಗಾಗಿ ಅದು ತನ್ನೊಳಗೇ ಬಿಡುವು ಮಾಡಿಕೊಳ್ಳುತ್ತದೆ. ಒಬ್ಬ ಒಂದು ಮಾತು ಹೇಳಿದರೆ ಸಭೆಯಲ್ಲಿ ಕೂತ ಭೀಷ್ಮ, ದ್ರೋಣ, ವಿದುರ, ಶಕುನಿ, ಕರ್ಣರ ಮುಖದ ಮೇಲೆ ಸಾಲಾಗಿ ಕ್ಯಾಮೆರಾ ಹೋಗುತ್ತದೆ. ಗುಡುಗಿನ ಸದ್ದು ಬರುತ್ತದೆ. ಮತ್ತೆ ಅದೇ ಮುಖಗಳು.

ಚೋಪ್ರಾ ಅವರ ಮಹಾಭಾರತಕ್ಕೆ ಚಿತ್ರಕಥೆ, ಸಂಭಾಷಣೆ ಬರೆದ ರಾಹಿ ಮಾಸೂಮ್ ರಜಾ ಕಾಲವನ್ನೇ ಕಥೆಗಾರನನ್ನಾಗಿ ಮಾಡಿದರು. ತಿರುಗುವ ಚಕ್ರ, ಅದರ ಹಿಂದೆ ಹರೀಶ್ ಭಿಮಾನಿ ಅವರ ದನಿ. ಮೂವತ್ತು ವರ್ಷ ದಾಟಬೇಕಾದರೆ ಆ ದನಿ ನಾಲ್ಕು ವಾಕ್ಯದಲ್ಲಿ ದಾಟಿಸುತ್ತಿತ್ತು. ಹಾಗೆ ಉಳಿಸಿದ ಹೊತ್ತನ್ನು ದ್ಯೂತದ ಸಭೆಯಲ್ಲಿ ಸುರಿಯುತ್ತಿತ್ತು. ನಮ್ಮ ದೊಡ್ಡಾಟದ ಸಾರಥಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ರಂಗಕ್ಕೆ ಬಂದ ಪಾತ್ರವನ್ನು ಮಾತಾಡಿಸಿ, ಯಾರು, ಎಲ್ಲಿಂದ, ಯಾಕೆ ಬಂದಿರಿ ಎಂದು ಕೇಳಿ, ಹತ್ತು ದೃಶ್ಯದಲ್ಲಿ ತೋರಿಸಬೇಕಾದ್ದನ್ನು ಎರಡು ಪ್ರಶ್ನೆಯಲ್ಲಿ ಮುಗಿಸುತ್ತಾನೆ. ಎರಡನೆಯ ಮಹಾಭಾರತದಲ್ಲಿ ಆ ಜಾಗಕ್ಕೆ ಕೃಷ್ಣ ಬಂದ. ಕಥೆಯ ನಡುವೆ ನಿಂತು ನೋಡುಗರ ಕಡೆ ತಿರುಗಿ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಿ, ವಿಚಾರ ಮಾಡಿ ನೋಡಿರೆಂದು ಬಿಡುತ್ತಾನೆ. ಆ ಮಾತುಗಳನ್ನು ಮೆಚ್ಚಿ ಫೋನಿನ ಸ್ಟೇಟಸ್ಸಿಗೆ ಹಾಕಿಕೊಂಡವರು ಎಷ್ಟೋ ಮಂದಿ. ಕಥೆ ಕಾದ ಹೊತ್ತಿನಲ್ಲೇ ಯಾಕೆ ನೀರು ಹಾಕುತ್ತಾರೆ ಎಂದು ಕೇಳಿದವರೂ ಇದ್ದರು. ನಾನು ಎರಡನೆಯವರ ಪಕ್ಷ. ಸಾರಥಿ ಕಥೆಯನ್ನು ಮುಂದಕ್ಕೆ ನೂಕುತ್ತಾನೆ, ಉಪದೇಶ ನಿಲ್ಲಿಸುತ್ತದೆ.

ಹಾಗೆಂದು ನಿಲ್ಲುವುದೆಲ್ಲ ತಪ್ಪಲ್ಲ. ಅಳ್ನಾವರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಜಂಕ್ಷನ್ನಿನಲ್ಲಿ ನಿಂತರೆ ಯಾರೂ ಬೈಯುವುದಿಲ್ಲ; ದಾಂಡೇಲಿಗೆ ಹೋಗುವವರು ಇಳಿಯಬೇಕು, ಲೋಂಡಾ ಕಡೆಯವರು ಹತ್ತಬೇಕು. ಅದೇ ಗಾಡಿ ಸಿಗ್ನಲ್ ಸಿಗದೆ ಅಡವಿಯ ನಡುವೆ ನಿಂತರೆ ಎಲ್ಲರೂ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. ಎರಡೂ ಕಡೆ ಹತ್ತು ನಿಮಿಷವೇ ಇರಬಹುದು. ನೋಡುಗ ಗಡಿಯಾರ ನೋಡುವುದು ಎರಡನೆಯ ಕಡೆ ಮಾತ್ರ.

ಧಾರಾವಾಹಿ ಅಡವಿಯಲ್ಲಿ ನಿಲ್ಲುವುದಕ್ಕೆ ಕಾರಣಗಳಿವೆ. ಬರೆಯುವವರನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ಅರ್ಧ ಗಂಟೆಯ ಸ್ಲಾಟ್ ಎಂದರೆ ಜಾಹೀರಾತು ಕಳೆದು ಇಪ್ಪತ್ತು ಇಪ್ಪತ್ತೆರಡು ನಿಮಿಷದ ಕಥೆ. ಕಥೆಯ ಎಳೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ವಾರವಾರ ಟಿ.ಆರ್.ಪಿ. ಬರುತ್ತದೆ. ಯಾವ ಟ್ರ್ಯಾಕ್‌ಗೆ ಅಂಕ ಏರಿತೋ ಅದನ್ನು ಎಳೆ, ಯಾವುದಕ್ಕೆ ಇಳಿಯಿತೋ ಅದನ್ನು ಮುಗಿಸು ಎಂದು ಹೇಳಿ ಕಳಿಸುತ್ತಾರೆ. ಪ್ರತಿ ಕಂತಿನ ಕೊನೆಗೂ ನಾಳೆ ಬರುವಂತೆ ಮಾಡುವ ಒಂದು ಕೊಕ್ಕೆ ಬೇಕು. ಕುಟುಂಬದ ಕಥೆಯಾದರೆ ಇದಕ್ಕೆ ಹೊಸ ಪಾತ್ರ ತರಬಹುದು, ಮಹಾಸಂಚಿಕೆ ಮಾಡಬಹುದು. ಪುರಾಣದಲ್ಲಿ ಆ ಸೌಕರ್ಯ ಇಲ್ಲ. ಮುಂದೇನಾಗುತ್ತದೆ ಎಂದು ಅಂಗಳದಲ್ಲಿ ಆಡುವ ಹುಡುಗನಿಗೂ ಗೊತ್ತು. ನಮ್ಮಲ್ಲಿ ಯಾರೂ ರಾಮಾಯಣ, ಮಹಾಭಾರತಗಳನ್ನು ಮೊದಲ ಸಲ ಓದುವುದಿಲ್ಲ ಎಂಬರ್ಥದ ಮಾತನ್ನು ಎ.ಕೆ. ರಾಮಾನುಜನ್ ಬರೆದಿದ್ದಾರೆ. ಏನಾಗುತ್ತದೆ ಎಂಬ ಕುತೂಹಲ ಸತ್ತ ಮೇಲೆ ಉಳಿಯುವುದು ಹೇಗಾಯಿತು, ಯಾಕಾಯಿತು ಎಂಬ ಎರಡೇ. ಈ ‘ಯಾಕೆ’ಯನ್ನು ಅವಸರದಲ್ಲಿ ಹೊಂದಿಸಲು ಹೋದಾಗ ನಡೆಯುವ ಅನಾಹುತಕ್ಕೆ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ.

ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿದ ಸಭೆ. ನೆಲವೆಂದು ತಿಳಿದು ದುರ್ಯೋಧನ ನೀರಿಗೆ ಬೀಳುತ್ತಾನೆ. ಚೋಪ್ರಾ ಅವರ ಧಾರಾವಾಹಿಯಲ್ಲಿ ದ್ರೌಪದಿ ಮೇಲಿನಿಂದ ಅದನ್ನು ನೋಡಿ ನಗುತ್ತಾಳೆ, ಕುರುಡನ ಮಗನೂ ಕುರುಡ ಎಂದು ಚುಚ್ಚುತ್ತಾಳೆ. ಈ ಮಾತನ್ನು ಇಡೀ ದೇಶ ನಂಬಿದೆ. ಪುಣೆಯ ಭಂಡಾರಕರ ಸಂಸ್ಥೆ 1919ರಿಂದ 1966ರವರೆಗೆ ನೂರಾರು ಹಸ್ತಪ್ರತಿ ತಾಳೆ ನೋಡಿ ಸಿದ್ಧಪಡಿಸಿದ ಸಂಸ್ಕೃತ ಮಹಾಭಾರತದಲ್ಲಿ ಆ ಚುಚ್ಚುಮಾತು ಇಲ್ಲ. ಘಟನೆ ನಡೆಯುವಾಗ ನಕ್ಕವರು ಭೀಮ, ಅರ್ಜುನ, ನಕುಲ ಸಹದೇವ, ಆಳುಗಳು; ದ್ರೌಪದಿಯ ಹೆಸರೇ ಬರುವುದಿಲ್ಲ. ಆಮೇಲೆ ದುರ್ಯೋಧನ ಹಸ್ತಿನಾವತಿಗೆ ಹೋಗಿ ತಂದೆಯ ಮುಂದೆ ಗೋಳಾಡುವಾಗ, ಕೃಷ್ಣಾರ್ಜುನರು ನಕ್ಕರು, ಹೆಂಗಸರೊಂದಿಗೆ ದ್ರೌಪದಿಯೂ ನಕ್ಕಳು ಎನ್ನುತ್ತಾನೆ. ಕವಿ ಇದನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದಾನೆ ನೋಡಿ. ನಡೆದದ್ದು ಒಂದು, ಹೊಟ್ಟೆಯುರಿದವನು ಹೇಳಿದ್ದು ಇನ್ನೊಂದು. ಎರಡಕ್ಕೂ ನಡುವೆ ಇರುವ ಜಾಗದಲ್ಲೇ ದುರ್ಯೋಧನನ ಮನಸ್ಸು ಕಾಣುತ್ತದೆ. ಧಾರಾವಾಹಿ ಫಿರ್ಯಾದಿಯ ಮಾತನ್ನೇ ಸಾಕ್ಷಿಯೆಂದು ತೆಗೆದುಕೊಂಡಿತು, ಅದರ ಮೇಲೆ ಇನ್ನೊಂದು ಮಾತು ಸೇರಿಸಿತು. ರಾಹಿಯವರಂಥ ದೊಡ್ಡ ಲೇಖಕರಿಗೆ ಇದು ತಿಳಿಯದೆ ಇರಲಾರದು. ಪರದೆಗೆ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ, ಒಂದೇ ನಿಮಿಷದ ಕಾರಣ ಬೇಕಾಗಿತ್ತು. ಸಿಕ್ಕಿತು. ಅದರ ಬೆಲೆ ಕೊಟ್ಟವಳು ದ್ರೌಪದಿ.

2020ರಲ್ಲಿ ಇದೇ ದೃಶ್ಯ ಮರುಪ್ರಸಾರವಾದಾಗ ನನಗೆ ಪರಿಚಯದ ಒಂದು ಮನೆಯಲ್ಲಿ ಆದ ವಾದವನ್ನು ಹೇಳುತ್ತೇನೆ. ಮೊಮ್ಮಗ ಪದವಿ ಓದುವವನು. ‘ನೋಡ ಆಯಿ, ಆಕಿ ನಕ್ಕದ್ದಕ್ಕ ಇಷ್ಟೆಲ್ಲಾ ಆತು’ ಎಂದ. ಆಯಿ ಶಾಲೆಗೆ ಹೋದವರಲ್ಲ. ಎಳವೆಯಲ್ಲಿ ಗುಡಿಯ ಕಟ್ಟೆಯ ಮೇಲೆ ಭಾರತ ಓದಿಸಿದ್ದನ್ನು ಕೇಳಿದವರು. ‘ನಕ್ಕದ್ದಕ್ಕ ಏನೂ ಆಗಿಲ್ಲಪಾ. ಭೀಮಗ ಇಸಾ ಹಾಕಿ ಹೊಳಿಗೆ ಒಗದಾಗ ಆಕಿ ಎಲ್ಲಿದ್ದಳು? ಅರಗಿನ ಮನಿಗೆ ಬೆಂಕಿ ಹಚ್ಚಿದಾಗ ಆಕಿ ಇನ್ನಾ ಸೊಸಿ ಆಗಿ ಬಂದಿದ್ದಿಲ್ಲ’ ಎಂದರು. ಹುಡುಗನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇದಕ್ಕಿಂತ ಚೊಕ್ಕವಾದ ವಿಮರ್ಶೆ ಇಲ್ಲ. ಹಗೆ ಆಗಲೇ ಬೆಳೆದು ನಿಂತಿತ್ತು, ಅದಕ್ಕೆ ಹೊಸ ಬೀಜ ಬೇಕಿರಲಿಲ್ಲ ಎಂದು ಆಯಿ ಕಥೆಯ ಕಾರ್ಯಕಾರಣವನ್ನು ಕಟ್ಟಿ ತೋರಿಸಿದರು.

ಇದು ನಮ್ಮ ದೇಶದ ಧಾರಾವಾಹಿಗಳಿಗಷ್ಟೇ ಹತ್ತಿದ ರೋಗವಲ್ಲ. ಅಮೆರಿಕದ ರಾಬರ್ಟ್ ಜೋರ್ಡನ್ ‘ದಿ ವೀಲ್ ಆಫ್ ಟೈಮ್’ ಎಂಬ ಮಾಯಾಲೋಕದ ಕಾದಂಬರಿ ಮಾಲೆಯನ್ನು 1990ರಿಂದ ಬರೆದರು. 2007ರಲ್ಲಿ ಅವರು ತೀರಿಕೊಂಡ ಮೇಲೆ ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಇನ್ನೊಬ್ಬ ಲೇಖಕ ಮುಗಿಸಿದರು. ಒಟ್ಟು 14 ಸಂಪುಟ. ಅಮೆಜಾನ್ 2021ರಿಂದ ಅದನ್ನು ಧಾರಾವಾಹಿ ಮಾಡಿತು, ಒಂದೊಂದು ಸೀಸನ್ನಿಗೆ 8 ಕಂತು. ಮೂರು ಸೀಸನ್ ಆದ ಮೇಲೆ 2025ರಲ್ಲಿ ನಿಲ್ಲಿಸಿಬಿಟ್ಟಿತು. ಅದರಲ್ಲಿ ಪೆರಿನ್ ಎಂಬ ಕಮ್ಮಾರ ಹುಡುಗನಿದ್ದಾನೆ. ಬಲಾಢ್ಯ, ತನ್ನ ಕೈಯಿಂದ ಯಾರಿಗೆ ಪೆಟ್ಟಾಗುತ್ತದೋ ಎಂದು ಹಿಂಜರಿಯುವವನು. ಕಾದಂಬರಿಯಲ್ಲಿ ಈ ಹಿಂಜರಿಕೆ ನೂರಾರು ಪುಟಗಳಲ್ಲಿ ನಿಧಾನಕ್ಕೆ ಕಾಣುತ್ತದೆ. ಧಾರಾವಾಹಿಗೆ ಅಷ್ಟು ಹೊತ್ತಿರಲಿಲ್ಲ. ಮೊದಲ ಕಂತಿನಲ್ಲೇ ಅವನಿಗೊಬ್ಬ ಹೆಂಡತಿಯನ್ನು ಕೊಟ್ಟು, ಕಾಳಗದ ಗದ್ದಲದಲ್ಲಿ ಅವನ ಕೈಯಿಂದಲೇ ಅವಳು ಸಾಯುವಂತೆ ಮಾಡಿದರು. ಮೂಲದಲ್ಲಿ ಆಗ ಅವನಿಗೆ ಮದುವೆಯೇ ಆಗಿಲ್ಲ. ಅಭಿಮಾನಿಗಳು ವರ್ಷಗಟ್ಟಲೆ ತಕರಾರು ತೆಗೆದ ಬದಲಾವಣೆ ಇದು. ಮೂಲಕ್ಕೆ ನಿಷ್ಠೆ ಇಲ್ಲ ಎಂಬುದಷ್ಟೇ ಅವರ ತಕರಾರಾಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಗಂಡಸಿನ ಒಳಗಿನ ನೋವನ್ನು ತೋರಿಸಲು ಹೊತ್ತಿಲ್ಲವೆಂದು ಒಬ್ಬ ಹೆಂಗಸನ್ನು ಸೃಷ್ಟಿಸಿ ಕೊಲ್ಲುವುದು ಸರಿಯೇ ಎಂದು ಅವರಲ್ಲಿ ಅನೇಕರು ಕೇಳಿದರು. ನಮ್ಮ ಆಯಿ ಕೇಳಿದ ಪ್ರಶ್ನೆಯ ನೆಂಟಸ್ತಿಕೆಯದೇ ಈ ಪ್ರಶ್ನೆ. ಎರಡೂ ಕಡೆ ಅವಸರಕ್ಕೆ ಬಲಿಯಾದದ್ದು ಹೆಣ್ಣುಪಾತ್ರ.

‘ಗೇಮ್ ಆಫ್ ಥ್ರೋನ್ಸ್’ ವಿಚಾರ ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು, ಬೇಗ ಮುಗಿಸುತ್ತೇನೆ. 2011ರಿಂದ 2019ರ ತನಕ 73 ಕಂತು. ಮೊದಲ ಆರು ಸೀಸನ್ನಿಗೆ ತಲಾ ಹತ್ತು, ಏಳನೆಯದಕ್ಕೆ ಏಳು, ಕೊನೆಯದಕ್ಕೆ ಆರೇ ಆರು. ಜಾರ್ಜ್ ಮಾರ್ಟಿನ್ ಅವರ ಕಾದಂಬರಿ ಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂತು. ಆರನೆಯದು ಬರುವ ಮೊದಲೇ ಧಾರಾವಾಹಿ ಅವರನ್ನು ದಾಟಿ ಮುಂದೆ ಓಡಿತು. ಮೊದಮೊದಲು ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಪಾತ್ರಗಳಿಗೆ ಅರ್ಧ ಸೀಸನ್ ಬೇಕಾಗುತ್ತಿತ್ತು, ಆ ದಾರಿಯಲ್ಲೇ ಅವರ ಸ್ವಭಾವ ಬದಲಾಗುತ್ತಿತ್ತು. ಕೊನೆಗೆ ಒಂದೇ ಕಂತಿನಲ್ಲಿ ಖಂಡ ದಾಟತೊಡಗಿದರು. ದಾಸ್ಯದಲ್ಲಿದ್ದವರನ್ನು ಬಿಡಿಸಿದ ಡೆನೇರಿಸ್ ಎಂಬ ರಾಣಿ ಶರಣಾದ ನಗರವನ್ನೇ ಸುಟ್ಟಳು. ಕೊನೆಯ ಸೀಸನ್ನನ್ನು ಮತ್ತೆ ತೆಗೆಯಿರಿ ಎಂಬ ಮನವಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವಳು ಕ್ರೂರಿ ಆಗಬಾರದಿತ್ತು ಎನ್ನುವವರು ಅವರಲ್ಲಿ ಇದ್ದೇ ಇದ್ದರು. ಆದರೆ ವಾದದ ತಿರುಳು ಬೇರೆ. ಆಗಬಹುದಿತ್ತು, ಆಗುವುದನ್ನು ನಮಗೆ ತೋರಿಸಬೇಕಿತ್ತು, ಎರಡು ಕಂತಿನಲ್ಲಿ ಆಗುವ ಮಾತಲ್ಲ ಇದು ಎಂದು.

ಓಟದಷ್ಟೇ ದೊಡ್ಡ ಜಗಳ ಕಥೆ ಎಲ್ಲಿ ನಿಲ್ಲಬೇಕು ಎಂಬುದರ ಮೇಲೂ ಆಗಿದೆ. ರಮಾನಂದ ಸಾಗರರ ರಾಮಾಯಣ 1987ರ ಜನವರಿ 25ರಂದು ಆರಂಭವಾಯಿತು. ಮೊದಲು ಒಪ್ಪಿಗೆ ಸಿಕ್ಕಿದ್ದು 52 ಕಂತಿಗೆ; ಬೆಳೆದು 78 ಆಯಿತು. 1988ರ ಜುಲೈ 31ರಂದು ಪಟ್ಟಾಭಿಷೇಕದೊಂದಿಗೆ ಮುಗಿಯಿತು. ಆಗ ಉತ್ತರ ಭಾರತದಲ್ಲಿ, ಮುಖ್ಯವಾಗಿ ಪಂಜಾಬಿನ ಜಲಂಧರದಲ್ಲಿ, ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಉತ್ತರಕಾಂಡವನ್ನೂ ತೋರಿಸಬೇಕು ಎಂಬುದು ಬೇಡಿಕೆ. ನಗರದ ಕಸ ಬೀದಿಯಲ್ಲಿ ಉಳಿಯಿತು. ದಿಲ್ಲಿಯ ಪತ್ರಿಕೆಗಳಲ್ಲಿ ಕೆಲವರಿಗೆ ಇದು ಧಾರಾವಾಹಿಯ ಹುಚ್ಚಾಗಿ ಕಂಡಿತು. ಒಂದು ಕ್ಷಣ ಯೋಚಿಸಿ ನೋಡಿ: ರಾಮಾಯಣದಲ್ಲಿ ವಾಲ್ಮೀಕಿ ಪಾತ್ರವಾಗಿ ಬಂದು ನಿಲ್ಲುವುದು ಎಲ್ಲಿ? ಗರ್ಭಿಣಿ ಸೀತೆಗೆ ಆಶ್ರಮ ಕೊಡುವಾಗ, ಲವಕುಶರಿಗೆ ಕಾವ್ಯ ಕಲಿಸುವಾಗ. ಪಟ್ಟಾಭಿಷೇಕಕ್ಕೆ ಕಥೆ ನಿಲ್ಲಿಸಿದರೆ ಕಥೆ ಬರೆದವನೇ ರಂಗದ ಹೊರಗೆ ಉಳಿದ. ಯಾರ ಹೆಸರಿನಿಂದ ತಮ್ಮನ್ನು ಕರೆದುಕೊಂಡರೋ ಅವನನ್ನು ಒಳಗೆ ಕರೆಯಿರಿ ಎಂದು ಆ ಕಾರ್ಮಿಕರು ಕೇಳಿದರು. ಕಥೆಯ ಕಟ್ಟಡದ ಬಗ್ಗೆ ಇದಕ್ಕಿಂತ ಆಳವಾದ ತಕರಾರನ್ನು ನಾನು ಕೇಳಿಲ್ಲ. ಸರ್ಕಾರ ಒಪ್ಪಿತು, ಉತ್ತರ ರಾಮಾಯಣ ಬಂತು.

ಕನ್ನಡದಲ್ಲಿ ಈ ನಿಲುಗಡೆಯ ಪ್ರಶ್ನೆ ಹಳೆಯದು. ವಿಜಯಪುರದ ಕಡೆಯ ತೊರವೆಯ ನರಹರಿ ತನ್ನ ರಾಮಾಯಣವನ್ನು ಯುದ್ಧಕಾಂಡಕ್ಕೆ ನಿಲ್ಲಿಸಿದ. ಸೀತೆಯನ್ನು ಕಾಡಿಗೆ ಬಿಟ್ಟ ಕಥೆ ಜನರಿಗೆ ಲಕ್ಷ್ಮೀಶನ ಜೈಮಿನಿ ಭಾರತದಿಂದ ಸಿಕ್ಕಿತು, ಅದೂ ಪಾಂಡವರ ಅಶ್ವಮೇಧದ ನಡುವೆ. ನಮ್ಮ ಬಯಲಾಟದವರು ಲವಕುಶರ ಕಾಳಗವನ್ನು ಎತ್ತಿಕೊಂಡು ಇಡೀ ರಾತ್ರಿ ಆಡಿದರು. ಒಬ್ಬ ಕವಿ ದಾಟಿದ್ದನ್ನು ಇನ್ನೊಬ್ಬ ನಿಂತು ಹೇಳಿದ, ಅವನು ಹೇಳಿದ್ದನ್ನು ಊರವರು ಆಡಿ ತೋರಿಸಿದರು.

ಕುಮಾರವ್ಯಾಸನದು ಇನ್ನೂ ಕುತೂಹಲದ ಸಂಗತಿ. ಹದಿನೆಂಟರಲ್ಲಿ ಹತ್ತೇ ಪರ್ವ ಬರೆದ, ಗದಾಪರ್ವಕ್ಕೆ ಮುಗಿಸಿದ. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಉಳಿದ ಪರ್ವಗಳನ್ನು ಪೂರೈಸಿದ. ಇನ್ನೊಬ್ಬರ ಕಥೆಯನ್ನು ಮುಗಿಸಿಕೊಡುವ ಕೆಲಸ ಅಮೆರಿಕದಲ್ಲಿ 2007ರ ನಂತರ ನಡೆದದ್ದು ವಿಜಯನಗರದಲ್ಲಿ ಹದಿನಾರನೆಯ ಶತಮಾನಕ್ಕೇ ನಡೆದಿತ್ತು. ಆದರೆ ಜನ ಕೇಳಿದ್ದು ಯಾರನ್ನು? ಗಮಕಿಗಳು ಹಾಡುವುದು ಕುಮಾರವ್ಯಾಸನ ಹತ್ತು ಪರ್ವವನ್ನು. ತಿಮ್ಮಣ್ಣನಲ್ಲಿ ಕೊರತೆ ಇತ್ತೆಂದು ಇದಕ್ಕೆ ಕಾರಣ ಹೇಳುವುದು ಸುಲಭ. ನನಗೆ ಕಾಣುವ ಕಾರಣ, ಕುಮಾರವ್ಯಾಸನ ನಿಲುಗಡೆಗಳು ಜನರಿಗೆ ಒಗ್ಗಿಹೋಗಿದ್ದವು. ವಿರಾಟಪರ್ವದಲ್ಲಿ ಉತ್ತರಕುಮಾರ ಹೆಂಗಸರ ಮುಂದೆ ಕೂತು ಜಂಬ ಕೊಚ್ಚುವ ಭಾಗವನ್ನು ತೆಗೆದುಕೊಳ್ಳಿ. ಯುದ್ಧದ ಲೆಕ್ಕಕ್ಕೆ ಅದು ನಾಲ್ಕು ಪದ್ಯದ ಸರಕು. ಕುಮಾರವ್ಯಾಸ ಅಲ್ಲಿ ಬೇಕಾದಷ್ಟು ಹೊತ್ತು ನಿಲ್ಲುತ್ತಾನೆ. ರಥ ಏರಿ, ಕೌರವರ ಸೇನೆ ಕಂಡು, ರಥದಿಂದ ಧುಮುಕಿ ಓಡುವ ತನಕ ನಮ್ಮನ್ನು ಬಿಡುವುದಿಲ್ಲ. ಯಾಕೆಂದರೆ ಆ ಹುಡುಗನ ಹಿಂದೆ ಬಳೆ ತೊಟ್ಟು ನಿಂತವನು ಅರ್ಜುನ. ಮಾತಾಡುವವನ ಅಂಜಿಕೆ ಎಷ್ಟು ಬಿಚ್ಚಿಕೊಳ್ಳುತ್ತದೋ ಮಾತಾಡದವನ ಶೌರ್ಯ ಅಷ್ಟು ಬೆಳೆಯುತ್ತದೆ. ಮಳೆ ಬಾರದ ವರ್ಷ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಆಕಾಶ ನೋಡುತ್ತ ಕೂತ ರೈತರು ಈ ನಿಧಾನಕ್ಕೆ ಬೇಸರಪಡಲಿಲ್ಲ.

ಕರಾವಳಿ, ಮಲೆನಾಡಿನ ಯಕ್ಷಗಾನದಲ್ಲಿ ಈ ವಾದ ಈಗಲೂ ಬಿಸಿಯಾಗಿದೆ. ಬೆಳಗಿನ ತನಕ ನಡೆಯುತ್ತಿದ್ದ ಪ್ರಸಂಗವನ್ನು ಮಧ್ಯರಾತ್ರಿಗೆ ಮುಗಿಸುವ ಕಾಲಮಿತಿ ಪ್ರಯೋಗ ಬಂದ ಮೇಲೆ, ಯಾವ ಪದ್ಯ ಬಿಟ್ಟರು, ಯಾವ ವೇಷಕ್ಕೆ ಹೊತ್ತು ಕೊಟ್ಟರು ಎಂದು ಅಭಿಮಾನಿಗಳು ತಾಳೆ ಹಾಕುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಕಾಲಮಿತಿ ಬೇಕು, ಅದರಲ್ಲಿ ತಪ್ಪಿಲ್ಲ. ಕುಣಿತವನ್ನು ಉಳಿಸಿ ಅರ್ಥಗಾರಿಕೆಯನ್ನು ಕತ್ತರಿಸಿದರೆ ಕರ್ಣ, ಕೌರವರಂಥ ಮಾತಿನ ಪಾತ್ರಗಳಿಗೆ ಏಟು ಬೀಳುತ್ತದೆ ಎಂಬ ಹಳಬರ ದೂರನ್ನು ಮಾತ್ರ ತಳ್ಳಿಹಾಕಲಾಗದು.

ಹಾಗಾದರೆ ಮೂಲವನ್ನು ಮುಟ್ಟಲೇ ಬಾರದೇ? ನಮ್ಮ ನಾಡಿನಲ್ಲಿ ಹುಟ್ಟಿ ಹಾಗೆ ಹೇಳುವುದು ಸಾಧ್ಯವಿಲ್ಲ. ಪಂಪ 941ರಲ್ಲಿ ಇಡೀ ಭಾರತವನ್ನು 14 ಆಶ್ವಾಸಕ್ಕೆ ಇಳಿಸಿದ. ಕಥೆ ಎಷ್ಟೇ ದೊಡ್ಡದಿದ್ದರೂ ಅದರ ಮೈ ಕೆಡದ ಹಾಗೆ ಹೇಳಬೇಕು ಎಂಬುದು ತನ್ನ ಹಟ ಎಂದು ಅವನೇ ಹೇಳಿಕೊಂಡಿದ್ದಾನೆ. ಈ ಹಟಕ್ಕೆ ಸಮನಾದ ನಿಯಮ ಇಂದಿನ ಚಿತ್ರಕಥೆಗಾರರಿಗೂ ಬೇರೆ ಇಲ್ಲ. ಅದೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡದ್ದರಿಂದ ಆ ಬದಲಾವಣೆ ಬಂತು. ಮೈ ಕೆಟ್ಟಿತೇ? ಒಂದು ಕಡೆ ಕೆಟ್ಟಿತು ಎಂದೇ ನನ್ನ ಅಭಿಪ್ರಾಯ. ಐವರಿಗೂ ಸೇರಿದವಳನ್ನು ಒಬ್ಬನೇ ಪಣಕ್ಕಿಟ್ಟ ಎಂಬ ಸಭಾಪರ್ವದ ಇಕ್ಕಟ್ಟು ಅಲ್ಲಿ ಸಡಿಲಾಯಿತು. ಪಂಪನ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ. ಕರ್ಣನ ಬಳಿ ಅವನು ನಿಂತ ನಿಲುವನ್ನು ಯಾರು ಮರೆಯುತ್ತಾರೆ?

ಓಟದ ಕಲೆಯಲ್ಲಿ ನಮ್ಮ ಗುರು ಎಂದರೆ ಮುಧೋಳದ ರನ್ನ. ಪಂಪನ ಹದಿಮೂರನೆಯ ಆಶ್ವಾಸವೊಂದನ್ನು ಹಿಡಿದು ಹತ್ತು ಆಶ್ವಾಸದ ಗದಾಯುದ್ಧ ಕಟ್ಟಿದ. ಯುದ್ಧದ ಕೊನೆಯ ದಿನವನ್ನು ಮಾತ್ರ ತೆಗೆದುಕೊಂಡು, ಹಿಂದೆ ನಡೆದದ್ದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ತಂದ. ಗದೆ ಹಿಡಿದು ಹೊಡೆದಾಡುವ ಭಾಗಕ್ಕಿಂತ ಅದಕ್ಕೆ ಮೊದಲಿನ ನಡಿಗೆಗೆ ಅವನು ಕೊಟ್ಟ ಹೊತ್ತು ನೋಡಿ. ಸಂಜಯನ ಜೊತೆ ದುರ್ಯೋಧನ ರಣರಂಗದಲ್ಲಿ ಕಾಲಿಟ್ಟಲ್ಲೆಲ್ಲ ಒಂದು ಹೆಣ ಎದುರಾಗುತ್ತದೆ. ಒಂದೊಂದು ಹೆಣದ ಮುಂದೆ ನಿಂತಾಗಲೂ ಹದಿನೇಳು ದಿನದ ಯುದ್ಧವೇ ಅಲ್ಲ, ಒಂದು ಜೀವಮಾನ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಆದರೂ ಯಾರೂ ಜಗ್ಗಿದ ಎನ್ನುವುದಿಲ್ಲ. ನಡಿಗೆ ಮುಗಿದಾಗ ಹಟಮಾರಿ ಅರಸನೊಬ್ಬ ನಮ್ಮ ಮನೆಯವನಾಗಿರುತ್ತಾನೆ. ಕೊಳದ ತಣ್ಣೀರಿನೊಳಗೆ ಕೂತವನಿಗೆ ಭೀಮನ ಮೂದಲಿಕೆ ಕೇಳಿ ಸಿಟ್ಟಿನ ಬೆವರು ಬರುವ ಆ ಗಳಿಗೆ ನಮಗೆ ತಟ್ಟುವುದು ಇಷ್ಟು ನಡೆದು ಬಂದ ಮೇಲೆಯೇ.

ಹಾಗಾಗಿ ನನ್ನದೊಂದು ಬೇಡಿಕೆ ಇದೆ. ಹಿಂದಿಯಿಂದ ತಂದದ್ದನ್ನು ಡಬ್ ಮಾಡುವ ವಾಹಿನಿಗಳು ಕನ್ನಡದ್ದೇ ಒಂದನ್ನು ಮಾಡಲಿ. ಗದಾಯುದ್ಧಕ್ಕೆ ಹತ್ತು ಕಂತು ಸಾಕು, ವಾರಕ್ಕೊಂದರಂತೆ. ಭಾರಿ ಸೇನೆ, ಗ್ರಾಫಿಕ್ಸ್ ಬೇಕಿಲ್ಲ; ಯುದ್ಧ ಆಗಲೇ ಮುಗಿದಿದೆ. ಮೊದಲ ಕಂತು ಭೀಮನಿಗೆ ಅವನ ಪ್ರತಿಜ್ಞೆ ನೆನಪಿಸುವ ದ್ರೌಪದಿಗೆ. ಎರಡನೆಯದು ಧೃತರಾಷ್ಟ್ರ ಗಾಂಧಾರಿಯರು ಮಗನಿಗೆ ಸಂಧಿಯಾಗು ಎಂದು ಬೇಡಿಕೊಳ್ಳುವುದಕ್ಕೆ. ಮೂರರಲ್ಲಿ ರಣರಂಗ, ದ್ರೋಣ. ನಾಲ್ಕರಲ್ಲಿ ಅಭಿಮನ್ಯು, ಲಕ್ಷಣಕುಮಾರ. ಐದು ದುಶ್ಶಾಸನನದು. ಆರು ಮತ್ತು ಏಳು ಕರ್ಣನವು. ಎಂಟರಲ್ಲಿ ಶರಶಯ್ಯೆಯ ಭೀಷ್ಮ, ಒಂಬತ್ತರಲ್ಲಿ ವೈಶಂಪಾಯನ ಸರೋವರ, ಹತ್ತರಲ್ಲಿ ಗದೆ.

ಈ ಹಂಚಿಕೆಯನ್ನು ಎಲ್ಲರೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಕರ್ಣನಿಗೆ ಎರಡು ಕೊಟ್ಟು ಗಾಂಧಾರಿಗೆ ಅರ್ಧ ಕೊಟ್ಟಿರಲ್ಲ ಎಂದು ಎದುರಿನ ಸಾಲಿನಲ್ಲಿ ಕೂತ ತಾಯಂದಿರು ಕೇಳಬಹುದು. ಅದಕ್ಕೆ ಅಧ್ಯಕ್ಷರು ಪ್ರಶ್ನೋತ್ತರದ ಹೊತ್ತು ಇಟ್ಟಿದ್ದಾರೆ, ಕೇಳಿ. ನಾಲ್ಕನೆಯ ಕಂತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುವಿನ ಮಗನನ್ನು ಮನಸಾರೆ ಹೊಗಳಿದ ಬಾಯಿ ಕೆಲವೇ ಹೆಜ್ಜೆಗಳಲ್ಲಿ ತನ್ನ ಮಗ ಲಕ್ಷಣಕುಮಾರನಿಗಾಗಿ ಅಳಬೇಕು. ಅವರಿಬ್ಬರನ್ನೂ ಒಂದೇ ಕಂತಿನಲ್ಲಿ ಇಡಬೇಕು, ನಡುವೆ ಜಾಹೀರಾತು ಬರಬಾರದು.